ಈಮ್: ಮಾರಿಗೆ ಎಲ್ಲೆ ಕಟ್ಟಿದ ಹಳ್ಳಿ

ಇಂಗ್ಲೆಂಡಿನ ಹಳೆಯ ಹಳ್ಳಿಗಳಿಗೆಲ್ಲ ಒಂದು ಸಾಮಾನ್ಯ ಲಕ್ಷಣವುಂಟು. ಊರ ನಡುವೆ ಚೌಕಗೋಪುರದ ಇಗರ್ಜಿ. ಅದರ ಸುತ್ತ ಸಮಾಧಿಗಲ್ಲುಗಳ ಅಂಗಳ. ಅನತಿದೂರದಲ್ಲಿ ಊರೊಡೆಯನ ದೊಡ್ಡಮನೆ. ಒಂದು ದೇವರ ಹೆಸರಿನ ಅಧಿಕಾರ, ಇನ್ನೊಂದು ನೆಲದ ಅಧಿಕಾರ. ಇವೆರಡರ ನಡುವೆ ಸಾಮಾನ್ಯ ಜನ ಉತ್ತು ಬಿತ್ತಿ, ತೆರಿಗೆ ತೆತ್ತು, ಹುಟ್ಟಿ ಸತ್ತು ಹೋಗುತ್ತಿದ್ದರು. ಹೆಚ್ಚಿನ ಹಳ್ಳಿಗಳ ಚರಿತ್ರೆ ಇಷ್ಟರಲ್ಲೇ ಮುಗಿಯುತ್ತದೆ. ಆದರೆ ಡರ್ಬಿಷೈರ್ ಸೀಮೆಯ ಗುಡ್ಡಗಾಡಿನಲ್ಲಿರುವ ಒಂದು ಸಣ್ಣ ಊರಿನಲ್ಲಿ, 1665ರಿಂದ 1666ರವರೆಗಿನ ಹದಿನಾಲ್ಕು ತಿಂಗಳಲ್ಲಿ, ದೊಡ್ಡಮನೆ ಏನು ಮಾಡಿತು, ಇಗರ್ಜಿ ಏನು ಮಾಡಿತು, ಬಡಜನ ಏನು ಮಾಡಿದರು ಎಂಬ ಲೆಕ್ಕ ಒಂದೊಂದು ಸಾವಿನ ತಾರೀಖಿನೊಡನೆ ಉಳಿದು ಬಂದಿದೆ.

ಊರಿನ ಹೆಸರು ಈಮ್. ಇಂಗ್ಲಿಷ್ ಅಕ್ಷರಗಳನ್ನು ನೋಡಿ ಓದುವವರು 'ಎಯಾಮ್' ಎಂದಾರು. ಊರವರ ಬಾಯಲ್ಲಿ ಅದು 'ಈಮ್' ಮಾತ್ರ. 1086ರಲ್ಲಿ ವಿಜೇತ ವಿಲಿಯಂ ದೊರೆ ತನ್ನ ರಾಜ್ಯದ ಹೊಲಗದ್ದೆಗಳನ್ನೆಲ್ಲ ಬರೆಯಿಸಿದ ಡೂಮ್ಸ್‌ಡೇ ಕಡತದಲ್ಲಿ ಇದು 'ಐಯೂನ್' ಎಂದು ದಾಖಲಾಗಿದೆ. ಹಳೆಯ ಆಂಗ್ಲ ನುಡಿಯಲ್ಲಿ ಈ ಹೆಸರಿಗೆ ನೀರಿನ ನಡುವಿನ ನೆಲ ಎಂಬರ್ಥವಂತೆ. ಬಡಗಣ ದಿಕ್ಕಿನಲ್ಲಿ ಮರಳುಗಲ್ಲಿನ ಕಡಿದಾದ ಏರು, ತೆಂಕಣದಲ್ಲಿ ಸುಣ್ಣಕಲ್ಲಿನ ಕಣಿವೆ, ನಡುವೆ ಒಂದೇ ಉದ್ದನೆಯ ಬೀದಿಯ ಊರು.

ನೆಲದ ಮೇಲೆ ಕುರಿ, ನೆಲದ ಕೆಳಗೆ ಸೀಸ: ಇವೇ ಇಲ್ಲಿಯವರ ಜೀವನಾಧಾರ. ಡರ್ಬಿಷೈರಿನ ಸೀಸದ ಗಣಿಗಾರರದು ವಿಚಿತ್ರವಾದ ಸಂಪ್ರದಾಯ. ಬೇರೊಬ್ಬನ ಹೊಲದಲ್ಲಾದರೂ ಸರಿಯೆ, ಅದಿರು ಕಂಡವನು ಅಗೆಯಬಹುದಾಗಿತ್ತು. ಇಗರ್ಜಿಯ ಅಂಗಳ, ಹಣ್ಣಿನ ತೋಟ, ಹಿತ್ತಿಲು, ಹೆದ್ದಾರಿ ಇವಕ್ಕೆ ಮಾತ್ರ ಕೈ ಹಚ್ಚುವಂತಿರಲಿಲ್ಲ. ಜಗಳ ತೀರಿಸಲು 'ಬಾರ್‌ಮೋಟ್' ಎಂಬ ಗಣಿಗಾರರದೇ ನ್ಯಾಯಸಭೆಯಿತ್ತು. ಅಗೆದ ಅದಿರಿನಲ್ಲಿ ಒಡೆಯನಿಗೊಂದು ಪಾಲು, ಪಾದ್ರಿಗೊಂದು ಪಾಲು. ಹದಿನೆಂಟನೆಯ ಶತಮಾನದಲ್ಲಿ ಇಲ್ಲಿಯ ಗಣಿಗಳು ಹುಲುಸಾಗಿ ಕೊಟ್ಟಾಗ ಈಮಿನ ಪಾದ್ರಿಯ ಹುದ್ದೆ ಆ ಸೀಮೆಯಲ್ಲೇ ಕೊಬ್ಬಿದ ಹುದ್ದೆಗಳಲ್ಲಿ ಒಂದಾಯಿತು.

ಇಗರ್ಜಿಯ ಅಂಗಳದಲ್ಲಿ ಇಗರ್ಜಿಗಿಂತಲೂ ಹಳೆಯದೊಂದು ಕಲ್ಲಿನ ಶಿಲುಬೆಯಿದೆ. ಅದು ಎಂಟನೆಯ ಶತಮಾನದ ಸುಮಾರಿನದು. ಮೈತುಂಬ ಬಳ್ಳಿ ಸುರುಳಿಗಳ ಕೆತ್ತನೆ. ಕಂಬದ ಒಂದು ತುಂಡು ಎಂದೋ ಕಳೆದುಹೋಗಿದೆ. ಬಹುಕಾಲ ಮೂಲೆಯಲ್ಲಿ ಹುಲ್ಲು ಮುಚ್ಚಿ ಬಿದ್ದಿದ್ದ ಇದನ್ನು ಕಂಡು ಎತ್ತಿ ನಿಲ್ಲಿಸುವಂತೆ ಮಾಡಿದವನು ಸೆರೆಮನೆಗಳ ಸುಧಾರಕನೆಂದು ಹೆಸರಾದ ಜಾನ್ ಹೊವಾರ್ಡನೆಂದು ಹೇಳುತ್ತಾರೆ. ಇಗರ್ಜಿ ಮೊದಲು ಸಂತ ಹೆಲೆನಳ ಹೆಸರಿನದಾಗಿತ್ತು; ಈಗ ಸಂತ ಲಾರೆನ್ಸನದು. ತೆಂಕಣ ಗೋಡೆಯಲ್ಲಿ 1775ರ ನೆರಳು ಗಡಿಯಾರವೊಂದಿದೆ. ಇವೆಲ್ಲ ನೋಡತಕ್ಕವೇ, ಆದರೆ ಈಮಿಗೆ ಬರುವವರು ಇವುಗಳಿಗಾಗಿ ಬರುವುದಿಲ್ಲ.

1665ರಲ್ಲಿ ಲಂಡನ್ ನಗರ ಪ್ಲೇಗು ಮಾರಿಯ ಬಾಯಿಗೆ ಬಿದ್ದಿತ್ತು. ಅಲ್ಲಿಂದ ನೂರೈವತ್ತು ಮೈಲಿ ದೂರದ ಈಮಿನ ಜನ ಅದನ್ನು ಕೇಳಿದ್ದರೇ ಹೊರತು ಕಂಡಿರಲಿಲ್ಲ. ಆ ವರ್ಷದ ಬೇಸಗೆಯ ಕೊನೆಯಲ್ಲಿ ಅಲೆಕ್ಸಾಂಡರ್ ಹ್ಯಾಡ್‌ಫೀಲ್ಡ್ ಎಂಬ ದರ್ಜಿಯ ಮನೆಗೆ ಲಂಡನ್ನಿನಿಂದ ಬಟ್ಟೆಯ ಗಂಟೊಂದು ಬಂದಿತಂತೆ. ಅದನ್ನು ಬಿಚ್ಚಿದವನು ಅವನ ಕೈಕೆಳಗಿದ್ದ ಜಾರ್ಜ್ ವಿಕರ್ಸ್. ಬಟ್ಟೆ ಒದ್ದೆಯಾಗಿತ್ತು, ಆತ ಒಲೆಯ ಮುಂದೆ ಹರವಿ ಒಣಗಿಸಿದ. ಬಟ್ಟೆಯ ಮಡಿಕೆಗಳಲ್ಲಿ ಚಿಗಟಗಳಿದ್ದುವೆಂದು ಈಗಿನವರ ಊಹೆ. ಆಗ ಅದು ಯಾರಿಗೂ ತಿಳಿಯುವಂತಿರಲಿಲ್ಲ. ಸೆಪ್ಟೆಂಬರ್ 7ರಂದು ವಿಕರ್ಸನನ್ನು ಹೂಳಿದರು. ಎರಡು ವಾರ ಕಳೆಯುವಷ್ಟರಲ್ಲಿ ಅದೇ ಮನೆಯ ಹುಡುಗ ಎಡ್ವರ್ಡ್ ಕೂಪರ್ ಹೋದ. ಆಮೇಲೆ ಎದುರುಮನೆ, ಪಕ್ಕದ ಮನೆ. ಅಕ್ಟೋಬರ್ ಒಂದರಲ್ಲೇ ಇಪ್ಪತ್ತಕ್ಕೂ ಹೆಚ್ಚು ಜನ ಮಣ್ಣು ಸೇರಿದರು.

ಇಲ್ಲಿ ದೊಡ್ಡಮನೆಯ ಮಾತು ಬರುತ್ತದೆ. ಆಗ ಊರಿನಲ್ಲಿ ಎದ್ದುಕಾಣುತ್ತಿದ್ದ ಮನೆ ಬ್ರ್ಯಾಡ್‌ಶಾ ಮನೆತನದವರದು. ಮಾರಿ ಬಂದೊಡನೆ ಆ ಕುಟುಂಬ ಗಾಡಿ ಕಟ್ಟಿಕೊಂಡು ಹೊರಟುಹೋಯಿತು. ಮತ್ತೆ ಬಂದು ನೆಲಸಲೇ ಇಲ್ಲ. ಬ್ರ್ಯಾಡ್‌ಶಾ ಹಾಲ್ ಹಾಳು ಸುರಿದು, ಮುಂದೆ ದನ ಹುಲ್ಲುಗಳಿಗೆ ಆಶ್ರಯವಾಗಿ, ಇಂದು ಮುರುಕು ಗೋಡೆಯಾಗಿ ನಿಂತಿದೆ. ಅವರನ್ನು ಹೇಡಿಗಳೆಂದು ಹಳಿಯುವುದು ಸುಲಭ. ಆದರೆ ಆ ಕಾಲದ ವೈದ್ಯರು ಹೇಳುತ್ತಿದ್ದ ಒಂದೇ ಒಂದು ನಂಬತಕ್ಕ ಮದ್ದೆಂದರೆ ಬೇಗ ಹೊರಡು, ದೂರ ಹೋಗು, ತಡವಾಗಿ ಬಾ ಎಂಬುದಾಗಿತ್ತು. ಲಂಡನ್ನಿನಿಂದ ದೊರೆ ಎರಡನೆಯ ಚಾರ್ಲ್ಸನೇ ಪರಿವಾರಸಮೇತ ಹೊರಟುಹೋಗಿದ್ದ. ಹೋಗಲು ಬೇರೊಂದು ಮನೆಯಿದ್ದವರು ಹೋದರು.

ಇಲ್ಲದವರು? 1662ರಲ್ಲಷ್ಟೇ ಜಾರಿಗೆ ಬಂದಿದ್ದ ಕಾಯಿದೆಯೊಂದರಂತೆ, ತನ್ನ ಊರು ಬಿಟ್ಟು ಬಂದ ಬಡವನನ್ನು ಬೇರೆ ಊರಿನವರು ಹಿಡಿದು ಹಿಂದಕ್ಕೆ ಅಟ್ಟಬಹುದಾಗಿತ್ತು. ಅದೂ ಅಲ್ಲದೆ ಪ್ಲೇಗಿನ ಊರಿನವನೆಂದರೆ ನೆರೆಯವರು ಕಲ್ಲು ಹಿಡಿದೇ ನಿಲ್ಲುತ್ತಿದ್ದರು. ಈಮಿನ ಹೆಂಗಸೊಬ್ಬಳು ಹತ್ತಿರದ ಟೈಡ್ಸ್‌ವೆಲ್ ಸಂತೆಗೆ ಹೋಗಿ ಗುರುತು ಸಿಕ್ಕಿದೊಡನೆ ಏಟು ತಿಂದು ಓಡಿಬಂದ ಕಥೆ ಆ ಕಡೆ ಪ್ರಚಾರದಲ್ಲಿದೆ.

ಚಳಿಗಾಲ ಬಂದಾಗ ಸಾವು ಕಡಮೆಯಾಯಿತು. ವಸಂತದಲ್ಲಿ ಇನ್ನೂ ಇಳಿಯಿತು. ಗಂಡಾಂತರ ಕಳೆಯಿತೆಂದು ಜನ ನಿಟ್ಟುಸಿರು ಬಿಡುವಷ್ಟರಲ್ಲಿ, 1666ರ ಜೂನ್ ತಿಂಗಳಲ್ಲಿ ಮಾರಿ ಎರಡನೆಯ ಸಾರಿ ಎದ್ದಿತು. ಉಳಿದವರೂ ಗಂಟುಮೂಟೆ ಕಟ್ಟತೊಡಗಿದರು. ಆಗ ಅವರನ್ನು ತಡೆದವರು ಇಬ್ಬರು ಪಾದ್ರಿಗಳು.

ಆ ಇಬ್ಬರು ಒಂದೇ ಊರಿನಲ್ಲಿದ್ದುದೇ ಒಂದು ಸೋಜಿಗ. ತಾಮಸ್ ಸ್ಟ್ಯಾನ್ಲಿ ಕ್ರಾಮ್‌ವೆಲ್ಲನ ಕಾಲದಲ್ಲಿ ಈಮಿನ ಪಾದ್ರಿಯಾಗಿದ್ದವನು, ಕಟ್ಟಾ ಪ್ಯೂರಿಟನ್. ರಾಜ ಮರಳಿ ಬಂದಮೇಲೆ ಹೊಸ ಪ್ರಾರ್ಥನಾವಿಧಿಗೆ ಒಪ್ಪಿಗೆ ಕೊಡಲಾರೆನೆಂದು ಹುದ್ದೆ ಕಳೆದುಕೊಂಡ. ಆದರೂ ಊರಲ್ಲೇ ಉಳಿದಿದ್ದ. 1664ರಲ್ಲಿ ಆ ಸ್ಥಾನಕ್ಕೆ ಬಂದವನು ವಿಲಿಯಂ ಮಾಂಪೆಸನ್: ಕೇಂಬ್ರಿಜ್ಜಿನಲ್ಲಿ ಓದಿದವನು, ಇನ್ನೂ ಮೂವತ್ತು ತುಂಬದ ತರುಣ, ರಾಜನ ಕಡೆಯ ಇಗರ್ಜಿಗೆ ಸೇರಿದವನು. ಊರಿನ ಬಹುಮಂದಿಗೆ ಹಳೆಯ ಪಾದ್ರಿಯ ಮೇಲೆ ಪ್ರೀತಿ, ಹೊಸಬನ ಮೇಲೆ ಅನುಮಾನ. ಬೇರೆ ಕಾಲದಲ್ಲಾಗಿದ್ದರೆ ಇವರಿಬ್ಬರು ಎದುರುಬದುರಾಗಿ ಕೂರುತ್ತಿದ್ದರೆಂದು ಹೇಳಲಾಗದು. ಆ ಜೂನ್ ತಿಂಗಳಲ್ಲಿ ಕೂತರು. ಮಾಂಪೆಸನ್ ಒಬ್ಬನೇ ಹೇಳಿದ್ದರೆ ಜನ ಕೇಳುತ್ತಿರಲಿಲ್ಲ. ಸ್ಟ್ಯಾನ್ಲಿ ಒಬ್ಬನೇ ಹೇಳಲು ಅವನಿಗೆ ಅಧಿಕಾರವಿರಲಿಲ್ಲ.

ಅವರು ಜನರ ಮುಂದಿಟ್ಟ ಮಾತುಗಳು ಮೂರು. ಸತ್ತವರನ್ನು ಇಗರ್ಜಿಯ ಅಂಗಳಕ್ಕೆ ತರದೆ, ಮನೆಯವರೇ ತಮ್ಮ ಹಿತ್ತಿಲಲ್ಲೋ ಹೊಲದಲ್ಲೋ ಕೂಡಲೆ ಹೂಳಬೇಕು. ಇಗರ್ಜಿಗೆ ಬೀಗ ಹಾಕಿ, ಪೂಜೆ ಪ್ರವಚನಗಳನ್ನು ಕಕ್ಲೆಟ್ ಡೆಲ್ಫ್ ಎಂಬ ಹುಲ್ಲಿನ ಕಣಿವೆಯಲ್ಲಿ, ಕುಟುಂಬ ಕುಟುಂಬಗಳು ದೂರದೂರ ನಿಂತು ನಡೆಸಬೇಕು. ಮೂರನೆಯದು ಎಲ್ಲಕ್ಕಿಂತ ಕಠಿನ: ಊರ ಸುತ್ತ ಒಂದು ಎಲ್ಲೆ, ಮಾರಿ ಮುಗಿಯುವವರೆಗೆ ಒಳಗಿನವರು ಅದನ್ನು ದಾಟಬಾರದು, ಹೊರಗಿನವರು ಒಳಗೆ ಕಾಲಿಡಬಾರದು.

ಸತ್ತವನಿಗೆ ಪವಿತ್ರ ಭೂಮಿಯಲ್ಲಿ ಗೋರಿ, ತಲೆಯ ಬಳಿ ಪಾದ್ರಿಯ ಮಂತ್ರ, ಗಂಟೆಯ ನಾದ ಇವಿಲ್ಲದಿದ್ದರೆ ಪರಲೋಕವೇ ಕೆಟ್ಟೀತೆಂದು ನಂಬಿದ್ದ ಕಾಲವದು. ಅಂಥ ಜನ ತಮ್ಮ ಮಕ್ಕಳನ್ನು ಹಿತ್ತಿಲಲ್ಲಿ ಹೂಳಲು ಒಪ್ಪಿದರೆಂಬುದು ಎಲ್ಲೆ ದಾಟದೆ ಉಳಿದುದಕ್ಕಿಂತಲೂ ದೊಡ್ಡ ತ್ಯಾಗವೆಂದು ತೋರುತ್ತದೆ.

ಊಟದ ಏರ್ಪಾಡಿಗೆ ಮಾಂಪೆಸನ್ ಹತ್ತಿರದ ಚ್ಯಾಟ್ಸ್‌ವರ್ತ್ ಅರಮನೆಯ ಡೆವನ್‌ಷೈರ್ ಅರ್ಲನಿಗೆ ಬರೆದ. ಆತ ತನ್ನ ಸೀಮೆ ಬಿಟ್ಟು ಹೋಗಿರಲಿಲ್ಲ. ಜನ ಎಲ್ಲೆಯೊಳಗೇ ಇದ್ದರೆ ಆಹಾರ ಔಷಧಗಳ ಹೊಣೆ ತನ್ನದೆಂದು ಮಾತು ಕೊಟ್ಟು ನಡೆಸಿದ. ಸ್ಟೋನಿ ಮಿಡಲ್‌ಟನ್ ದಾರಿಯಲ್ಲಿ ಗುಂಡಿಗಳನ್ನು ಕೊರೆದ ಒಂದು ಬಂಡೆ ಇಂದಿಗೂ ಇದೆ. ಗುಂಡಿಗಳಲ್ಲಿ ಹುಳಿ ವಿನಿಗರ್ ತುಂಬಿ ಅದರೊಳಗೆ ನಾಣ್ಯಗಳನ್ನು ಹಾಕಿಡುತ್ತಿದ್ದರು. ನೆರೆಯೂರಿನವರು ರೊಟ್ಟಿ ಇಟ್ಟು ನಾಣ್ಯ ತೆಗೆದುಕೊಂಡು ಹೋಗುತ್ತಿದ್ದರು. ಊರ ಮೇಲಣ ಗುಡ್ಡದ ಬುಗ್ಗೆಯೊಂದರ ಬಳಿಯೂ ಇದೇ ವ್ಯವಹಾರ. ಅದಕ್ಕೆ 'ಮಾಂಪೆಸನ್ನನ ಬಾವಿ' ಎಂದೇ ಹೆಸರು. ಕೊಡುವವನ ಮುಖ ಕೊಳ್ಳುವವನು ಕಾಣದ ಸಂತೆ!

ಜುಲೈ ತಿಂಗಳಲ್ಲಿ ಐವತ್ತಕ್ಕೂ ಮಿಕ್ಕ ಸಾವು. ಆಗಸ್ಟಿನಲ್ಲಿ ಸುಮಾರು 78. ಊರ ಮೂಡಣಕ್ಕೆ ಅರ್ಧ ಮೈಲಿ ದೂರದ ರೈಲಿ ಎಂಬ ಹೊಲಮನೆಯಲ್ಲಿ ಹ್ಯಾನ್‌ಕಾಕ್ ಕುಟುಂಬವಿತ್ತು. ಆಗಸ್ಟ್ 3ರಿಂದ 10ರವರೆಗಿನ ಎಂಟು ದಿನಗಳಲ್ಲಿ ಎಲಿಜಬೆತ್ ಹ್ಯಾನ್‌ಕಾಕ್ ಎಂಬಾಕೆ ತನ್ನ ಗಂಡನನ್ನೂ ಆರು ಮಕ್ಕಳನ್ನೂ ಒಬ್ಬಳೇ ಹೂತಳು. ಹೆಣದ ಕಾಲಿಗೆ ಬಟ್ಟೆ ಕಟ್ಟಿ ಎಳೆದುಕೊಂಡು ಹೋಗಿ, ತಾನೇ ತೋಡಿದ ಗುಂಡಿಗೆ ಇಳಿಸಿದಳೆಂದು ಹೇಳುತ್ತಾರೆ. ಸ್ಟೋನಿ ಮಿಡಲ್‌ಟನ್ನಿನವರು ಎದುರು ಗುಡ್ಡದಿಂದ ನೋಡುತ್ತಿದ್ದರಂತೆ. ಹತ್ತಿರ ಬರುವ ಧೈರ್ಯ ಯಾರಿಗೂ ಇರಲಿಲ್ಲ. ಬಂದಿದ್ದರೂ ಆಕೆ ಬರಗೊಡಬಾರದಾಗಿತ್ತು. ಹೂತವಳಿಗೆ ರೋಗ ತಗಲಲೇ ಇಲ್ಲ. ಎಲ್ಲ ಮುಗಿದಮೇಲೆ ಆಕೆ ಶೆಫೀಲ್ಡಿನಲ್ಲಿ ಕೆಲಸ ಕಲಿಯುತ್ತಿದ್ದ, ಉಳಿದಿದ್ದ ಒಬ್ಬ ಮಗನ ಬಳಿಗೆ ಹೊರಟುಹೋದಳು. ಆ ಏಳು ಗೋರಿಗಳ ಕಲ್ಲುಗಳು ಹೊಲದ ನಡುವೆ ದುಂಡನೆಯ ಗೋಡೆಯೊಳಗೆ ಇವೆ.

ಹೂಳಲು ಮನೆಯಲ್ಲಿ ಯಾರೂ ಉಳಿಯದಿದ್ದಾಗ ಕರೆ ಹೋಗುತ್ತಿದ್ದುದು ಮಾರ್ಷಲ್ ಹೌ ಎಂಬ ದಾಂಡಿಗನಿಗೆ. ಅವನಿಗೂ ಒಮ್ಮೆ ಮಾರಿ ತಗಲಿ ಬಿಟ್ಟಿತ್ತು. ಇನ್ನು ತನ್ನನ್ನು ಅದು ಮುಟ್ಟದೆಂದು ಅವನ ನಂಬಿಕೆ. ಕೂಲಿ ಎಂದರೆ ಸತ್ತವನ ಮನೆಯ ಸಾಮಾನು. ಒಮ್ಮೆ ಅನ್ವಿನ್ ಎಂಬುವನನ್ನು ಸತ್ತನೆಂದು ತಿಳಿದು ಹೊತ್ತೊಯ್ಯುವಾಗ, ಹೆಣವೇ ಹಾಲಿನ ಪಾನಕ ಕೇಳಿತಂತೆ! ಅನ್ವಿನ್ ಬದುಕಿದ. ಆದರೆ ಹೌವಿನ ಹೆಂಡತಿಯೂ ಮಗನೂ ಆ ಆಗಸ್ಟಿನಲ್ಲೇ ಹೋದರು. ಸತ್ತವರ ಬಟ್ಟೆಬರೆಯನ್ನು ಮನೆಗೆ ತಂದ ಫಲವೆಂದು ಊರು ಆಡಿಕೊಂಡಿತು. ಅನೇಕ ತಲೆಮಾರುಗಳವರೆಗೆ ಈಮಿನ ತಾಯಂದಿರು ಹಟ ಮಾಡುವ ಮಕ್ಕಳಿಗೆ ಹೌ ಬರುತ್ತಾನೆಂದು ಹೆದರಿಸುತ್ತಿದ್ದರಂತೆ.

ಎಮಟ್ ಸಿಡಲ್ ಎಂಬ ಹುಡುಗಿಯದು ಇನ್ನೊಂದು ಕಥೆ. ನೆರೆಯೂರಿನ ರೋಲೆಂಡ್ ಟಾರ್ ಎಂಬ ತರುಣನಿಗೆ ನಿಶ್ಚಿತಳಾದವಳು. ಇಬ್ಬರೂ ಕಣಿವೆಯ ಈ ದಡ ಆ ದಡದಲ್ಲಿ ನಿಂತು ನೋಡಿಕೊಂಡು ಹೋಗುತ್ತಿದ್ದರು. 1666ರ ಏಪ್ರಿಲ್ ಕೊನೆಯಲ್ಲಿ ಆಕೆ ಬರುವುದು ನಿಂತಿತು. ದಾರಿ ತೆರೆದ ದಿನ ಊರೊಳಗೆ ಮೊದಲು ಕಾಲಿಟ್ಟವರಲ್ಲಿ ಅವನೊಬ್ಬನೆಂದು ಐತಿಹ್ಯ. ಈ ಕಥೆಯ ಸುತ್ತ ಮುಂದಿನ ಕಾಲದವರು ಹೆಣೆದ ನಾಟಕ ಕಾದಂಬರಿಗಳಿಗೆ ಲೆಕ್ಕವಿಲ್ಲ. ಆದರೆ ದಫ್ತರದಲ್ಲಿರುವುದು ಹುಡುಗಿಯ ಹೆಸರು, ತಾರೀಖು, ಅಷ್ಟೆ.

ಮಾಂಪೆಸನ್ನನ ಹೆಂಡತಿ ಕ್ಯಾಥರೀನ್ ಮೊದಲಲ್ಲಿ ಮಕ್ಕಳನ್ನು ಕಟ್ಟಿಕೊಂಡು ಎಲ್ಲರೂ ಹೋಗಿಬಿಡೋಣವೆಂದು ಗಂಡನನ್ನು ಬೇಡಿಕೊಂಡಿದ್ದಳು. ಅವನು ಒಪ್ಪಲಿಲ್ಲ. ಕೊನೆಗೆ ಮಕ್ಕಳಿಬ್ಬರನ್ನು ಯಾರ್ಕ್‌ಷೈರಿನ ಬಂಧುಗಳಲ್ಲಿಗೆ ಕಳುಹಿಸಿ ಆಕೆ ಉಳಿದಳು. ಊರ ಮಕ್ಕಳು ಎಲ್ಲೆಯೊಳಗೆ, ಪಾದ್ರಿಯ ಮಕ್ಕಳು ಎಲ್ಲೆಯಾಚೆ! ಇದನ್ನು ಹೊಗಳುವವರು ಬೇಗ ದಾಟಿಹೋಗುತ್ತಾರೆ. ದಾಟಬಾರದು; ಆದರೆ ಆಕೆ ಮಕ್ಕಳೊಡನೆ ಹೋಗದೆ ರೋಗಿಗಳ ಮನೆಮನೆ ಸುತ್ತಿದುದನ್ನೂ ಜೊತೆಯಲ್ಲೇ ಹೇಳಬೇಕು. ಆಗಸ್ಟಿನ ಒಂದು ಸಂಜೆ ಹೊಲದ ಬದುವಿನಲ್ಲಿ ನಡೆಯುತ್ತಿದ್ದಾಗ ಗಾಳಿ ಎಷ್ಟು ಸಿಹಿಯಾಗಿದೆ ಎಂದಳಂತೆ. ಇಲ್ಲದ ಸಿಹಿವಾಸನೆ ಮೂಗಿಗೆ ಬಡಿಯುವುದು ಮಾರಿ ತಗಲಿದ ಗುರುತೆಂದು ಜನ ನಂಬಿದ್ದರು. ಆಗಸ್ಟ್ 25ರಂದು ಆಕೆಯನ್ನು ಹೂತರು. ಸೆಪ್ಟೆಂಬರ್ 1ರಂದು ಮಾಂಪೆಸನ್ ತನ್ನ ಆಶ್ರಯದಾತನಾದ ಸರ್ ಜಾರ್ಜ್ ಸೇವಿಲನಿಗೆ ಬರೆದ ಕಾಗದ ಉಳಿದಿದೆ. ಸಾಯಲು ಸಿದ್ಧನಾದವನು ಬರೆದ ಬೀಳ್ಕೊಡುಗೆಯದು. ಆದರೆ ಅವನು ಸಾಯಲಿಲ್ಲ.

1666ರ ನವೆಂಬರ್ 1ರಂದು ಅಬ್ರಹಾಂ ಮಾರ್ಟನ್ ಎಂಬವನು ಕೊನೆಯವನಾಗಿ ಹೋದ. ಒಟ್ಟು 76 ಮನೆಗಳಲ್ಲಿ ಸುಮಾರು 260 ಸಾವು. ಎಲ್ಲೆಯಾಚೆಯ ಊರುಗಳಿಗೆ ಈಮಿನ ಮಾರಿ ಹಬ್ಬಲಿಲ್ಲ.

ಊರಲ್ಲಿದ್ದವರು 350, ಉಳಿದವರು ನೂರರೊಳಗೆ ಎಂದು ಹಳೆಯ ಪುಸ್ತಕಗಳು ಬರೆದುವು. ತೆರಿಗೆ ಕಡತಗಳನ್ನೂ ಇಗರ್ಜಿಯ ದಫ್ತರಗಳನ್ನೂ ತಾಳೆ ನೋಡಿದ ಇತ್ತೀಚಿನ ವಿದ್ವಾಂಸರು ಜನಸಂಖ್ಯೆ ಸುಮಾರು 700 ಇದ್ದಿತೆನ್ನುತ್ತಾರೆ. ಅಂದರೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಸತ್ತರೆಂದಾಯಿತು. 2016ರಲ್ಲಿ ಪ್ರಕಟವಾದ ಗಣಿತಶಾಸ್ತ್ರೀಯ ಅಧ್ಯಯನವೊಂದು ಇನ್ನೂ ಕಹಿಯಾದ ಸಂಗತಿಯನ್ನು ಹೇಳಿತು. ಅದರ ಲೆಕ್ಕದಂತೆ ನಾಲ್ಕರಲ್ಲಿ ಮೂರು ಪಾಲು ಸೋಂಕು ಬಂದುದು ಇಲಿಯ ಕಡೆಯಿಂದಲ್ಲ, ಮನುಷ್ಯರಿಂದ ಮನುಷ್ಯರಿಗೆ. ಅದರಲ್ಲೂ ಒಂದೇ ಮನೆಯೊಳಗೆ. ಬಡವರ ಮನೆಗಳಲ್ಲಿ ಹೆಚ್ಚಾಗಿ. ಒಟ್ಟಿಗೆ ಉಳಿದುದರ ಬೆಲೆಯನ್ನು ಮನೆಯವರೇ ತೆತ್ತರು.

ಕನ್ನಡನಾಡಿನ ಹಿರಿಯರಿಗೂ ಈ ಮಾರಿ ಅಪರಿಚಿತವಲ್ಲ. 1898ರಲ್ಲಿ ಬೆಂಗಳೂರಿಗೆ ಬಂದುದೂ ಇದೇ ಪ್ಲೇಗು. ಇಲಿ ಬಿದ್ದಿತೆಂದರೆ ಊರಿಗೆ ಊರೇ ಬಯಲಿಗೆ ಹೊರಟು ಗುಡಿಸಲು ಹಾಕಿಕೊಳ್ಳುತ್ತಿದ್ದುದು ಇಲ್ಲಿಯ ಪದ್ಧತಿಯಾಯಿತು. ಚಿಗಟ ಇಲಿಯಿಂದ ರೋಗವನ್ನು ದಾಟಿಸುತ್ತದೆಂದು ಫ್ರಾನ್ಸಿನ ಪಾಲ್ ಲೂಯಿ ಸಿಮೋಂ ಕರಾಚಿಯಲ್ಲಿ ತೋರಿಸಿದುದೂ ಅದೇ 1898ರಲ್ಲಿ. ಮನೆ ಬಿಟ್ಟು ಬಯಲಿಗೆ ಹೋಗುವುದು ಈಮಿನ ಕೆಲವರಿಗೂ ಹೊಳೆಯದಿರಲಿಲ್ಲ. ಗುಡ್ಡದ ಬದಿಯಲ್ಲಿ ಗುಡಿಸಲು ಕಟ್ಟಿ ಕೆಲವರು ಬದುಕಿಕೊಂಡರು. ಎಲ್ಲರೂ ಹಾಗೆ ಮಾಡಿದ್ದರೆ ಎಷ್ಟು ಜನ ಉಳಿಯುತ್ತಿದ್ದರೊ!

ಜನ ತಾವಾಗಿ ಉಳಿದರೇ, ಉಳಿಯದೆ ಗತಿಯಿರಲಿಲ್ಲವೇ ಎಂಬ ಪ್ರಶ್ನೆಯನ್ನು 2006ರಲ್ಲಿ ಪ್ಯಾಟ್ರಿಕ್ ವಾಲಿಸ್ ಎಂಬ ಇತಿಹಾಸಕಾರ ಎತ್ತಿದ. ಈಮಿನ ವೀರಗಾಥೆ ಇಂದಿನ ರೂಪ ಪಡೆದುದು ಬಹುಮಟ್ಟಿಗೆ ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ. ಆ ಕಾಲದ ಭಾವುಕತೆ ಅದಕ್ಕೆ ಅಂಟಿದೆ. ಇದು ನಿಜವಿರಬೇಕು. ಈಮಿನ ಪಾದ್ರಿಯ ಮನೆಯಲ್ಲಿ 1742ರಲ್ಲಿ ಹುಟ್ಟಿ ಮುಂದೆ ಕವಯಿತ್ರಿಯಾದ ಆನಾ ಸ್ಯೂವರ್ಡ್ ಇದನ್ನು ಕರುಣರಸದಲ್ಲಿ ಅದ್ದಿ ಬರೆದಳು. 1842ರಲ್ಲಿ ಊರವನೇ ಆದ ವಿಲಿಯಂ ವುಡ್ ಅಜ್ಜಿಯರ ಬಾಯಿಂದ ಕೇಳಿದುದನ್ನೆಲ್ಲ ಕೂಡಿಸಿ ಗ್ರಂಥ ಮಾಡಿದ. ಅವನು ಬರೆದಿರದಿದ್ದರೆ ಹೌ ಮತ್ತು ಹ್ಯಾನ್‌ಕಾಕರ ಅರ್ಧ ಕಥೆ ಇಂದು ಇರುತ್ತಿರಲಿಲ್ಲ. ಆದರೂ ಒಂದು ಮಾತು: ಸಾವಿರ ಸಂದುಗಳಿರುವ ಗುಡ್ಡಗಾಡಿನಲ್ಲಿ ಬರಿಯ ಕಾವಲಿನಿಂದ ಏಳುನೂರು ಜನರನ್ನು ತಿಂಗಳುಗಟ್ಟಲೆ ಕಟ್ಟಿಹಾಕಲು ಯಾರಿಂದಲೂ ಆಗದು.

ಮುಂದಿನ ಸಂಗತಿಗಳನ್ನು ಬೇಗ ಹೇಳಬಹುದು. ಸ್ಟ್ಯಾನ್ಲಿ ಊರಲ್ಲೇ ಉಳಿದ. ಮಾರಿ ಹೋದೊಡನೆ ಮತದ ಹಳೆಯ ಹಗೆ ಮರಳಿ ಬಂದು, ಅವನನ್ನು ಊರಿಂದ ಹೊರಗೆ ಹಾಕಿಸಬೇಕೆಂದು ಕೆಲವರು ಅರ್ಲನ ಬಳಿ ಹೋದರು. ಆತನಿಗೆ ಊರು ಕೃತಜ್ಞವಾಗಿರಬೇಕೆಂದು ಅರ್ಲ್ ಗದರಿಸಿ ಕಳುಹಿಸಿದ. 1670ರಲ್ಲಿ ಸ್ಟ್ಯಾನ್ಲಿ ತೀರಿಕೊಂಡ. ಮಾಂಪೆಸನ್ನನಿಗೆ ನಾಟಿಂಗ್‌ಹ್ಯಾಮ್‌ಷೈರಿನ ಈಕ್ರಿಂಗ್ ಎಂಬ ಊರಿಗೆ ವರ್ಗವಾಯಿತು. ಪ್ಲೇಗಿನ ಊರಿನ ಪಾದ್ರಿಯೆಂದು ಅಲ್ಲಿಯವರು ಅವನನ್ನು ಊರೊಳಗೆ ಬಿಡಲಿಲ್ಲ. ಮಾರಿ ಅಳಿದು ವರ್ಷಗಳೇ ಆಗಿದ್ದುವು! ಕೆಲಕಾಲ ಅವನು ಉದ್ಯಾನದ ಗುಡಿಸಲಲ್ಲಿದ್ದು ಹೊಲದ ಮರದಡಿ ನಿಂತು ಪ್ರವಚನ ಮಾಡಬೇಕಾಯಿತು.

ಇಗರ್ಜಿಗೆ ಮುಂದೆ ಬಂದವರೆಲ್ಲ ಇಂಥವರೇ ಆಗಿರಲಿಲ್ಲ. ಜೋಸೆಫ್ ಹಂಟ್ ಎಂಬ ಪಾದ್ರಿ 1684ರಲ್ಲಿ ಹೆಂಡದಂಗಡಿಯಲ್ಲಿ ಗಣಿಗಾರರ ಗುಂಪಿನೊಡನೆ ಕುಡಿದು, ಅಂಗಡಿಯವನ ಮಗಳೊಡನೆ ಹುಡುಗಾಟದ ಮದುವೆ ಮಾಡಿಕೊಂಡ. ಬಿಷಪ್ಪನು ಅದನ್ನು ನಿಜಮದುವೆ ಮಾಡಿಸಿದ. ಮೊದಲೇ ಮಾತು ಕೊಟ್ಟಿದ್ದ ಇನ್ನೊಬ್ಬಾಕೆ ದಾವೆ ಹೂಡಿದಳು. ಪಾದ್ರಿ ಅಮೀನರಿಗೆ ಹೆದರಿ ಇಗರ್ಜಿಯ ಪಕ್ಕದ ಕೋಣೆಯಲ್ಲೇ ಸಂಸಾರ ಹೂಡಿದ. ಆದರೆ ಸಾವಿನ ಹಳೆಯ ದಫ್ತರವನ್ನು ಹೊಸದಾಗಿ ನಕಲು ಮಾಡಿಟ್ಟವನೂ ಅವನೇ. ಆ ನಕಲು ಇರುವುದರಿಂದಲೇ ಈಮಿನ ಸತ್ತವರಿಗೆ ಇಂದು ಹೆಸರಿದೆ.

ಬ್ರ್ಯಾಡ್‌ಶಾಗಳು ಬಿಟ್ಟುಹೋದ ಊರಿಗೆ ಹೊಸ ದೊಡ್ಡಮನೆ ಬಂದುದು 1671ರಲ್ಲಿ. ತಾಮಸ್ ರೈಟ್ ಎಂಬ ಶ್ರೀಮಂತ ತನ್ನ ಮಗ ಜಾನನ ಮದುವೆಯ ಉಡುಗೊರೆಯಾಗಿ ಕಟ್ಟಿಸಲು ತೊಡಗಿದ ಈಮ್ ಹಾಲ್ 1676ರಲ್ಲಿ ಮುಗಿಯಿತು. ಹೊಸ ಗೋರಿಗಳ ನಡುವೆ ಎದ್ದ ಮದುವೆಮನೆಯದು. ರೈಟ್ ಮನೆತನ ಮುನ್ನೂರು ವರ್ಷಗಳಿಗೂ ಮೇಲ್ಪಟ್ಟು ಅದರ ಒಡೆಯರಾಗಿತ್ತು. 2013ರಿಂದ 2017ರವರೆಗೆ ನ್ಯಾಷನಲ್ ಟ್ರಸ್ಟ್ ಅದನ್ನು ಗುತ್ತಿಗೆಗೆ ಪಡೆದು ಜನರಿಗೆ ತೆರೆದಿಟ್ಟಿತ್ತು. ಎದುರಿನ ಹುಲ್ಲುಗಾವಲಿನಲ್ಲಿ ತಪ್ಪಿತಸ್ಥರ ಕಾಲು ಸಿಗಿಸುತ್ತಿದ್ದ ಮರದ ಕೋಳ ಇನ್ನೂ ಇದೆ.

ಇಗರ್ಜಿಯಲ್ಲಿ ಸತ್ತವರ ಪಟ್ಟಿಯಿದೆ. 1985ರಲ್ಲಿ ಕೂರಿಸಿದ ಬಣ್ಣದ ಗಾಜಿನ ಕಿಟಕಿಯಲ್ಲಿ ಇಡೀ ಕಥೆಯನ್ನು ಚಿತ್ರಿಸಿದ್ದಾರೆ. ವರ್ಷವರ್ಷವೂ ಆಗಸ್ಟ್ ತಿಂಗಳ ಕೊನೆಯ ಭಾನುವಾರ ಊರವರೂ ಹೊರಗಿನವರೂ ಮೆರವಣಿಗೆಯಲ್ಲಿ ಕಕ್ಲೆಟ್ ಡೆಲ್ಫಿಗೆ ಹೋಗಿ, ಅಂದು ಜನ ನಿಂತ ಹುಲ್ಲಿನ ಮೇಲೆ ಪ್ರಾರ್ಥನೆ ಸಲ್ಲಿಸುತ್ತಾರೆ. ಹಳೆಯ ಶಿಲುಬೆಯ ಹತ್ತಿರ, ಇಗರ್ಜಿಯ ಅಂಗಳದಲ್ಲಿರುವ ಕ್ಯಾಥರೀನಳ ಸಮಾಧಿಗೆ ಗುಲಾಬಿಯ ಹಾರವಿಡುತ್ತಾರೆ. ಆಕೆಯ ಗಂಡ 1709ರಲ್ಲಿ ತೀರಿಕೊಂಡು ಮಣ್ಣಾದುದು ಈಕ್ರಿಂಗಿನಲ್ಲಿ.